ಹಗ್ಗದ ಆಚೆಗಿನ ಹಿಮ

ಬೇ ಏರಿಯಾದಲ್ಲಿರೋ ನಮ್ಮಂಥ ಕನ್ನಡಿಗರಿಗೆ ಚಳಿಗಾಲದ ಶನಿವಾರ ಅಂದ್ರೆ ಎರಡೇ ಕೆಲಸ. ಒಂದು, ಬಿಸಿಬೇಳೆಬಾತ್ ಮಾಡಿಕೊಂಡು ಊರಿಗೆ ವಿಡಿಯೊ ಕಾಲ್ ಹಚ್ಚೋದು. ಇನ್ನೊಂದು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟಾಹೋ ಕಡೆ ಕಾರು ಓಡಿಸೋದು. 2024ರ ಫೆಬ್ರುವರಿಯ ಒಂದು ಶನಿವಾರ ನಾನು ಎರಡನೆಯದನ್ನು ಆರಿಸಿಕೊಂಡೆ. ಜೊತೆಗೆ ಚಿಕ್ಕಮ್ಮನ ಮಗ ಇದ್ದ. ಎಂ.ಎಸ್. ಓದಲು ಬಂದು ಒಂದೂವರೆ ವರ್ಷವಾಗಿತ್ತು. ಅವನನ್ನು ವಿಮಾನ ಹತ್ತಿಸುವಾಗ ಚಿಕ್ಕಮ್ಮ ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ನೀನಿದ್ದೀಯಲ್ಲ, ನೋಡ್ಕೋತೀಯ ಬಿಡು."

ಆ ಮಾತು ಅವತ್ತು ಮಧ್ಯಾಹ್ನದ ಹೊತ್ತಿಗೆ ನನ್ನ ತಲೆಯೊಳಗೆ ಗುಂಯ್‌ಗುಡುತ್ತಿತ್ತು.

ಮುಳ್ಳಯ್ಯನಗಿರಿಯ ಎತ್ತರದಲ್ಲೊಂದು ಸರೋವರ

ಟಾಹೋ ಸರೋವರ ಇರೋದು ಕ್ಯಾಲಿಫೋರ್ನಿಯಾ ಮತ್ತು ನೆವಾಡದ ಗಡಿಯಲ್ಲಿ. ಸಮುದ್ರಮಟ್ಟದಿಂದ ಸುಮಾರು 6,225 ಅಡಿ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿ ಇರೋದು ಸುಮಾರು 6,330 ಅಡಿಯಲ್ಲಿ. ಅಂದರೆ ಕರ್ನಾಟಕದ ಅತಿ ಎತ್ತರದ ಜಾಗಕ್ಕೆ ಹತ್ತಿರ ಹತ್ತಿರ ಅಷ್ಟೇ ಎತ್ತರದಲ್ಲಿ ಇಲ್ಲಿ ನೀರೇ ನಿಂತಿದೆ, ಅದೂ 1,600 ಅಡಿಗಿಂತ ಆಳ. ಅದರ ಸುತ್ತ ಸಿಯೆರಾ ನೆವಾಡ ಬೆಟ್ಟಗಳು. ಆ ಬೆಟ್ಟಗಳ ಮೈಮೇಲೆ ಹತ್ತಾರು ಸ್ಕೀ ರೆಸಾರ್ಟ್‌ಗಳು.

ಇಲ್ಲಿಗೆ ಬರುವ ಐ-80 ಹೆದ್ದಾರಿ ಡಾನರ್ ಪಾಸ್ ಎಂಬ ಕಣಿವೆಯನ್ನು ದಾಟುತ್ತದೆ. 1846-47ರ ಚಳಿಗಾಲದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟಿದ್ದ ಎಂಬತ್ತಕ್ಕೂ ಹೆಚ್ಚು ಮಂದಿ ಇಲ್ಲೇ ಹಿಮದಲ್ಲಿ ಸಿಕ್ಕಿಬಿದ್ದರು. ಸುಮಾರು ಅರ್ಧದಷ್ಟು ಜನ ಬದುಕಲಿಲ್ಲ. ಈಗ ಅದೇ ದಾರಿಯಲ್ಲಿ ಚಕ್ರಕ್ಕೆ ಚೈನ್ ಕಟ್ಟಿಕೊಂಡು, ಕಾಫಿ ಕುಡಿಯುತ್ತಾ, ಹಾಡು ಕೇಳುತ್ತಾ ಹೋಗ್ತೀವಿ. ಆದರೆ ಹಿಮವೇನೂ ಕಡಿಮೆಯಾಗಿಲ್ಲ. ಡಾನರ್ ಪಾಸ್ ಹತ್ತಿರದ ಹಿಮ ಸಂಶೋಧನಾ ಕೇಂದ್ರ 2022-23ರಲ್ಲಿ ಅಳೆದದ್ದು 754 ಇಂಚು. ಅರವತ್ತೆರಡು ಅಡಿಗೂ ಹೆಚ್ಚು! ಎಲ್ಲಾ ಒಂದೇ ಸಲ ನಿಂತಿರಲ್ಲ, ಬಿದ್ದದ್ದನ್ನು ಕೂಡಿಸಿದ ಲೆಕ್ಕ. ಆದರೂ ಊಹಿಸಿಕೊಳ್ಳಿ.

ಸ್ಕೀ ಮಾಡದವರಿಗೆ ಒಂದು ಸಣ್ಣ ವಿವರಣೆ. ಚೇರ್‌ಲಿಫ್ಟ್ ನಿಮ್ಮನ್ನು ಬೆಟ್ಟದ ಮೇಲೆ ಬಿಡುತ್ತದೆ. ಅಲ್ಲಿಂದ ಕೆಳಗಿಳಿಯಲು ಹತ್ತಾರು ದಾರಿ, ಇವಕ್ಕೆ ರನ್ ಅಂತಾರೆ. ಹಸಿರು ವೃತ್ತ ಹೊಸಬರಿಗೆ, ನೀಲಿ ಚೌಕ ಮಧ್ಯಮದವರಿಗೆ, ಕಪ್ಪು ವಜ್ರ ಪಳಗಿದವರಿಗೆ. ಎರಡು ಕಪ್ಪು ವಜ್ರ ಇದ್ದರೆ, ನನ್ನಂಥವನು ಫೋಟೊ ತೆಗೆದುಕೊಂಡು ವಾಪಸ್ ಬರೋದು ಒಳ್ಳೆಯದು. ನಾನು ಆಗ ಮೂರನೇ ಸೀಸನ್‌ನ ನೀಲಿ ಚೌಕದವನು. ತಮ್ಮ ಎರಡೇ ಸೀಸನ್‌ನಲ್ಲಿ ನನಗಿಂತ ಚೆನ್ನಾಗಿ ಇಳಿಯುತ್ತಿದ್ದ. ಹುಡುಗರ ಮೊಣಕಾಲು, ಏನು ಮಾಡೋಕಾಗುತ್ತೆ.

ರೆಸಾರ್ಟ್‌ನ ಹೆಸರು ಇಲ್ಲಿ ಹಾಕುತ್ತಿಲ್ಲ. ತಪ್ಪು ನನ್ನದು, ಅವರದಲ್ಲ.

ಎರಡು ಗೆರೆಗಳು

ಮೂರು ದಿನ ಬಿಡದೆ ಹಿಮ ಬಿದ್ದು, ಶನಿವಾರ ಆಕಾಶ ತೊಳೆದಂತಿತ್ತು. ಇಂಥ ದಿನಕ್ಕೆ ಸ್ಕೀ ಮಾಡುವವರು ರಜೆ ಹಾಕಿ ಕಾಯುತ್ತಾರೆ. ಕೆಳಗಿನ ಲಿಫ್ಟ್‌ಗಳು ಎಂಟೂವರೆಗೇ ಶುರುವಾದವು. ಮೇಲಿನದು ಮಾತ್ರ ನಿಂತೇ ಇತ್ತು. ಅದರ ಮುಂದೆ ನೂರಾರು ಜನರ ಸಾಲು. ನಾವು ಕಾದು ಕಾದು ಬೇಸತ್ತು ಪಕ್ಕದ ಲಿಫ್ಟ್‌ನಲ್ಲಿ ಮೇಲೆ ಹೋದೆವು. ಮೇಲೆ ಎಡಗಡೆಗೆ ಒಂದು ಹಗ್ಗ ಕಟ್ಟಿದ್ದರು. ಸೊಂಟದೆತ್ತರ. ಉದ್ದಕ್ಕೂ ಕಿತ್ತಳೆ ಬಣ್ಣದ ಬಿಲ್ಲೆಗಳು, ಮಧ್ಯೆ "ಕ್ಲೋಸ್ಡ್" ಅನ್ನೋ ಬೋರ್ಡು.

ಹಗ್ಗದ ಆಚೆ ದೋಸೆಹಿಟ್ಟು ಹುಯ್ದಿಟ್ಟಂಥ ಹಿಮ. ಕಾಲಿಟ್ಟರೆ ಮೊಣಕಾಲಿನವರೆಗೆ ಹೋಗುವಂಥದ್ದು. ಅದರ ಮೇಲೆ ಎರಡೇ ಎರಡು ಸ್ಕೀ ಗೆರೆಗಳು ಅಂಕುಡೊಂಕಾಗಿ ಇಳಿದು ಹೋಗಿದ್ದವು.

ನಾನು ಆ ಗೆರೆ ನೋಡಿದೆ. 'ಯಾರೋ ಇಬ್ಬರು ಹೋಗಿದ್ದಾರೆ, ಏನೂ ಆಗಿಲ್ಲ' ಅಂದುಕೊಂಡೆ. ನಮ್ಮೂರಲ್ಲಿ ಬೆಳೆದವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಜಲಪಾತದ ಹತ್ತಿರ 'ಇಲ್ಲಿಂದ ಮುಂದೆ ಪ್ರವೇಶ ನಿಷೇಧಿಸಲಾಗಿದೆ' ಎಂಬ ಬೋರ್ಡಿನ ಪಕ್ಕದಲ್ಲೇ ಕಾಲುದಾರಿ ಸವೆದಿರುತ್ತದೆ. ಬೋರ್ಡು ಒಂದು ಹೇಳುತ್ತದೆ, ಕಾಲುದಾರಿ ಇನ್ನೊಂದು. ನಾವು ಕಾಲುದಾರಿಯನ್ನೇ ನಂಬೋದು.

"ಅಣ್ಣಾ, ಕ್ಲೋಸ್ ಅಂತ ಹಾಕಿದ್ದಾರಲ್ಲ?" ಅಂದ ತಮ್ಮ.

"ಸುಮ್ನೆ ಇನ್ನೂ ತೆಗೆದಿಲ್ಲ ಅಷ್ಟೇ. ನೂರು ಮೀಟರ್ ಹೋದ್ರೆ ನೀಲಿ ರನ್ ಸಿಗುತ್ತೆ, ಬಾ" ಅಂದೆ. ಬಗ್ಗಿ ಹಗ್ಗದ ಕೆಳಗೆ ನುಸುಳಿದೆ. ಹಿಂದೆ ಅವನೂ ನುಸುಳಿದ.

ಮೊದಲ ಮೂರು ತಿರುವು ಸ್ವರ್ಗ. ಅದನ್ನು ಸುಳ್ಳು ಹೇಳಲ್ಲ. ನಾಲ್ಕನೆಯ ತಿರುವಿನಲ್ಲಿ ಮೇಲಿನ ದಿಬ್ಬದಾಚೆಯಿಂದ "ಢಮಾರ್" ಎಂಬ ಸದ್ದು ಬಂತು. ಎದೆಗೆ ಗುದ್ದಿದ ಹಾಗೆ. ಮರಗಳ ಮೇಲಿನ ಹಿಮ ಸುರಿಯಿತು. ಆಮೇಲೆ ಸೀಟಿಯ ಸದ್ದು, ಒಂದಾದ ಮೇಲೊಂದು. ತಿರುಗಿ ನೋಡಿದರೆ ಹಗ್ಗದ ಹತ್ತಿರ ಕೆಂಪು ಜಾಕೆಟ್ಟು, ಬೆನ್ನಿಗೆ ಬಿಳಿ ಕ್ರಾಸ್. ಸ್ಕೀ ಪೆಟ್ರೋಲ್.

ಆಕೆ ಬೈಯಲಿಲ್ಲ. ಎರಡೂ ಕೈ ಎತ್ತಿ ನಿಲ್ಲಿ ಅಂದರು. ಆಮೇಲೆ ಒಬ್ಬೊಬ್ಬರಾಗಿ, ಮಧ್ಯೆ ಅಂತರ ಬಿಟ್ಟು, ಅಡ್ಡಡ್ಡವಾಗಿ ಮರಗಳ ಕಡೆ ಬನ್ನಿ ಅಂತ ಸನ್ನೆ ಮಾಡಿದರು. ನಾನು ಬಂದೆ. ತಮ್ಮ ಬರೋವರೆಗೂ ಆಕೆ ಅವನ ಕಡೆ ನೋಡಲೇ ಇಲ್ಲ. ಅವನ ಮೇಲಿನ ಇಳಿಜಾರನ್ನೇ ನೋಡುತ್ತಿದ್ದರು. ಅದು ನನಗೆ ಅರ್ಥವಾದ ಕ್ಷಣ, ಕೈಗವಸಿನೊಳಗೆ ಬೆರಳು ತಣ್ಣಗಾದವು.

ಅದು ನಮ್ಮದೇ ಗೆರೆ

ಪೆಟ್ರೋಲ್‌ನವರದ್ದೊಂದು ಮರದ ಗುಡಿಸಲಿನಂಥ ಕೋಣೆ. ಗೋಡೆಗೆ ಸ್ಟ್ರೆಚರ್, ಮೂಲೆಯಲ್ಲಿ ಸ್ಟವ್ ಮೇಲೆ ಸೂಪು, ಬೆಂಚಿನ ಕೆಳಗೆ ಒಂದು ನಾಯಿ ಮಲಗಿತ್ತು. ಆಕೆಗೆ ಐವತ್ತರ ಮೇಲಿರಬೇಕು, ನರೆತ ಕೂದಲು. ಮೊದಲು ರೇಡಿಯೊದಲ್ಲಿ "ಇಬ್ಬರೂ ಸಿಕ್ಕರು, ಕೆಳಗೆ ಯಾರೂ ಇಲ್ಲ" ಅಂತ ತಿಳಿಸಿದರು. ಆಮೇಲೆ ಕೈಯಲ್ಲಿದ್ದ ಯಂತ್ರಕ್ಕೆ ನಮ್ಮ ಪಾಸ್ ಹಿಡಿಯಲು ಹೇಳಿದರು.

ನಾನು ವಾದ ಶುರು ಮಾಡಿದೆ. ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ. "ಸಾರಿ, ಆದರೆ ಅಲ್ಲಿ ಆಗಲೇ ಗುರುತುಗಳಿದ್ದವು. ಓಪನ್ ಆಗಿದೆ ಅಂದುಕೊಂಡೆವು."

ಆಕೆ ಹೇಳಿದರು: "ಅದು ನಮ್ಮದೇ ಗೆರೆ. ನಾನು ಮತ್ತು ನನ್ನ ಜೊತೆಗಾರ, ಬೆಳಿಗ್ಗೆ ಆರೂವರೆಗೆ. ಬೆನ್ನಲ್ಲಿ ಸ್ಫೋಟಕ ಇಟ್ಟುಕೊಂಡು ಹೋಗಿದ್ದು."

ನನ್ನ ಬಾಯಿ ಕಟ್ಟಿತು.

ಆಕೆ ಬಿಡಿಸಿ ಹೇಳಿದ್ದು ಇಷ್ಟು. ಬಿರುಗಾಳಿ ಜೊತೆ ಬಿದ್ದ ಹೊಸ ಹಿಮ ಹಳೆಯದರ ಮೇಲೆ ಸರಿಯಾಗಿ ಕೂತಿರುವುದಿಲ್ಲ. ಚಪ್ಪಡಿ ಕಲ್ಲಿನ ಹಾಗೆ ಒಂದೇ ತುಂಡಾಗಿ ಜಾರಬಹುದು. ಒಬ್ಬ ಸ್ಕೀ ಮಾಡುವವನ ಭಾರ ಸಾಕು. ಅದಕ್ಕೇ ಪೆಟ್ರೋಲ್‌ನವರು ನಸುಕಿಗೇ ಹೋಗಿ ಅದನ್ನು ತಾವಾಗಿ ಬೀಳಿಸುತ್ತಾರೆ. ಕೈಯಿಂದ ಎಸೆಯುವ ಸ್ಫೋಟಕ, ದೂರದಿಂದಲೇ ಸಿಡಿಸುವ ಗ್ಯಾಸ್ ಕೊಳವೆ, ಕೆಲವೆಡೆ ಸೈನ್ಯದ ಹಳೆಯ ಫಿರಂಗಿ ಕೂಡ ಬಳಸಿದ್ದಾರೆ. ನಾವು ಹಗ್ಗ ದಾಟಿದಾಗ ಆ ಕೆಲಸ ಇನ್ನೂ ಮುಗಿದಿರಲಿಲ್ಲ. ನಾವು ಕೇಳಿದ್ದು ಪಕ್ಕದ ಕಣಿವೆಯ ಸ್ಫೋಟ. ನಮ್ಮ ತಲೆಯ ಮೇಲಿನದು ಮುಂದಿನ ಸರದಿ. ನಮ್ಮಿಬ್ಬರ ಸುದ್ದಿ ರೇಡಿಯೊದಲ್ಲಿ ಹೋದ ತಕ್ಷಣ ಇಡೀ ಬೆಟ್ಟದಲ್ಲಿ ಕೆಲಸ ನಿಲ್ಲಿಸಿದರು. ಅಂದರೆ ಕೆಳಗೆ ಕಾಯುತ್ತಿದ್ದ ಆ ನೂರಾರು ಜನ ಇನ್ನೂ ಮುಕ್ಕಾಲು ಗಂಟೆ ಕಾಯಬೇಕಾಯಿತು. ನಮ್ಮಿಂದ.

ಆ ಕೋಣೆಯಲ್ಲಿ ನನಗೆ ಇನ್ನೊಂದು ಸಂಗತಿ ನೆನಪಾಯಿತು. ಅದಕ್ಕೆ ತಿಂಗಳ ಹಿಂದಷ್ಟೇ, ಜನವರಿ 10ರಂದು, ಇದೇ ಟಾಹೋದ ಪ್ಯಾಲಿಸೇಡ್ಸ್‌ನಲ್ಲಿ ಹಿಮ ಕುಸಿದು ಒಬ್ಬರು ತೀರಿಕೊಂಡಿದ್ದರು. ಅದು ಪೆಟ್ರೋಲ್‌ನವರು ಪರೀಕ್ಷಿಸಿ ಜನರಿಗೆ ತೆರೆದಿದ್ದ ಜಾಗ. ಇಷ್ಟೆಲ್ಲಾ ಮಾಡಿದ ಮೇಲೂ ಬೆಟ್ಟ ಪೂರ್ತಿ ಮಾತು ಕೇಳುವುದಿಲ್ಲ. ಏನೂ ಮಾಡಿರದ ಜಾಗಕ್ಕೆ ನಾನು ಚಿಕ್ಕಮ್ಮನ ಮಗನನ್ನು ಕರೆದುಕೊಂಡು ಹೋಗಿದ್ದೆ.

ಹಿಮದಡಿ ಹೂತುಹೋದವರಿಗೆ ಹೆಚ್ಚು ಸಮಯ ಇರುವುದಿಲ್ಲ. ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಲೆಕ್ಕ ಪೂರ್ತಿ ತಿರುಗುಮುರುಗು. ನಮ್ಮ ಹತ್ತಿರ ಸಂಕೇತ ಕಳಿಸುವ ಬೀಕನ್ ಇರಲಿಲ್ಲ, ಸಲಿಕೆ ಇರಲಿಲ್ಲ. ಇದ್ದದ್ದು ಮೊಬೈಲು ಮತ್ತು ಒಂದು ಪೊಟ್ಟಣ ಚಕ್ಕುಲಿ.

'ನಂಗೊತ್ತಿರಲಿಲ್ಲ' ನಡೆಯಲ್ಲ

ಮುಂದೇನು ಅಂತ ಕೇಳಿದೆ. ಆಕೆ ಅಂಗಡಿಯವರು ಬಿಲ್ ಓದುವ ಹಾಗೆ ಹೇಳಿದರು. ತಮ್ಮನ ಅವತ್ತಿನ ಟಿಕೆಟ್ ರದ್ದು. ನನ್ನ ಸೀಸನ್ ಪಾಸ್ ಸೀಸನ್ ಮುಗಿಯುವ ತನಕ ಅಮಾನತು. ಈಗ ಪಾಸ್ ಒಳಗೆ ಚಿಪ್ ಇರುತ್ತದಲ್ಲ, ಲಿಫ್ಟಿನ ಗೇಟೇ ತೆರೆಯುವುದಿಲ್ಲ. ಮುಂಚೆ ಕತ್ತರಿಯಿಂದ ಪಾಸ್ ಕತ್ತರಿಸುತ್ತಿದ್ದರಂತೆ. ಮುಂದಿನ ಸೀಸನ್‌ಗೆ ಬೇಕಾದರೆ ಸುರಕ್ಷತೆಯ ಪಾಠ ಕೇಳಿ, ಬರೆದುಕೊಟ್ಟು ಬರಬೇಕು.

"ಇದು ರೆಸಾರ್ಟ್ ಮಾಡೋದು. ಕೌಂಟಿ ಷೆರಿಫ್‌ಗೆ ಫೋನ್ ಮಾಡಿದರೆ ಬೇರೆ ಕತೆ" ಅಂದರು.

ಅದು ಬರೀ ಬೆದರಿಕೆ ಅಲ್ಲ. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 602ನೇ ಸೆಕ್ಷನ್ ಅತಿಕ್ರಮ ಪ್ರವೇಶದ ಬಗ್ಗೆ. ಮುಚ್ಚಿದೆ ಎಂದು ಬೋರ್ಡು ಹಾಕಿರುವ ಜಾಗದಲ್ಲಿ ಗೊತ್ತಿದ್ದೂ ಸ್ಕೀ ಮಾಡುವುದು ಅದರ ಪಟ್ಟಿಯಲ್ಲೇ ಇದೆ. ಅದು ಮಿಸ್‌ಡಿಮೀನರ್. ದೊಡ್ಡ ಅಪರಾಧವಲ್ಲ, ಆದರೆ ಪಾರ್ಕಿಂಗ್ ಚೀಟಿಯೂ ಅಲ್ಲ. ಕ್ರಿಮಿನಲ್ ದಾಖಲೆಯ ವಿಷಯ.

ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಏಪ್ರಿಲ್‌ನಲ್ಲಿ ತಂಗಿಯ ಮದುವೆ. ಆಗ ಊರಿಗೆ ಹೋಗಿ, ಚೆನ್ನೈಯಲ್ಲಿ ಎಚ್-1ಬಿ ಸ್ಟಾಂಪಿಂಗ್ ಮುಗಿಸಿಕೊಂಡು ಬರುವ ಯೋಜನೆ. ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ, ನಮ್ಮಲ್ಲಿ ಎಷ್ಟೋ ಜನ ಕಣ್ಣುಮುಚ್ಚಿ 'ಇಲ್ಲ' ಒತ್ತಿ ಮುಂದೆ ಹೋಗಿರ್ತೀವಿ: ಯಾವುದೇ ಅಪರಾಧಕ್ಕಾಗಿ ಎಂದಾದರೂ ಬಂಧನ ಅಥವಾ ಶಿಕ್ಷೆ ಆಗಿದೆಯೇ? ಆ ಪ್ರಶ್ನೆ ಅವತ್ತು ಮೊದಲ ಸಲ ನನ್ನ ಮುಂದೆ ಬೆಂಚಿನ ಮೇಲೆ ಕೂತಿತ್ತು. ತಮ್ಮನದು ಸ್ಟೂಡೆಂಟ್ ವೀಸಾ. ಅವನು ನೆಲ ನೋಡುತ್ತಿದ್ದ.

ಆಕೆ ಷೆರಿಫ್‌ಗೆ ಫೋನ್ ಮಾಡಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ.

ಆಮೇಲೆ ಓದಿ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಇದಕ್ಕೆ ದೇಶಕ್ಕೆಲ್ಲಾ ಒಂದೇ ಕಾನೂನಿಲ್ಲ. ಕೊಲೊರಾಡೊದಲ್ಲಿ 1979ರಿಂದಲೇ ಸ್ಕೀ ಸುರಕ್ಷತೆಯ ಕಾಯ್ದೆ ಇದೆ. ಬೋರ್ಡು ಹಾಕುವುದು ರೆಸಾರ್ಟ್‌ನ ಜವಾಬ್ದಾರಿ, ಪಾಲಿಸುವುದು ಸ್ಕೀ ಮಾಡುವವರದ್ದು ಎಂದು ಅದು ಹಂಚಿಕೊಟ್ಟಿದೆ. ವರ್ಮಾಂಟ್‌ನಲ್ಲಿ ರೆಸಾರ್ಟ್‌ನ ಲಿಫ್ಟ್ ಹತ್ತಿ, ತೆರೆದ ರನ್‌ಗಳ ಆಚೆ ಹೋಗಿ ಸಿಕ್ಕಿಬಿದ್ದರೆ ಹುಡುಕಿದ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡಬಹುದು. ಕಾನೂನು ಬೇರೆ ಬೇರೆ ಇದ್ದರೂ, ಎಲ್ಲಾ ಕಡೆ ಹಗ್ಗ ಮತ್ತು ಬೋರ್ಡಿನ ಕೆಲಸ ಒಂದೇ: 'ನಂಗೊತ್ತಿರಲಿಲ್ಲ' ಅನ್ನೋ ಮಾತನ್ನು ನಿಮ್ಮ ಬಾಯಿಂದ ಕಿತ್ತುಕೊಳ್ಳುವುದು.

ಇನ್ನೊಂದು ಗೊಂದಲವೂ ಇದೆ. ಇಲ್ಲಿನ ಎಷ್ಟೋ ರೆಸಾರ್ಟ್‌ಗಳು ನಡೆಯುವುದು ಸರ್ಕಾರದ ಅರಣ್ಯಭೂಮಿಯಲ್ಲಿ, ಪರವಾನಗಿ ಪಡೆದು. 'ಸಾರ್ವಜನಿಕ ಜಾಗ, ನೀವ್ಯಾರು ತಡೆಯೋಕೆ?' ಎಂದು ಜಗಳ ತೆಗೆಯುವವರಿದ್ದಾರೆ. ಆದರೆ ಗಡಿ ದಾಟಿ ಕಾಡಿನ ಬೆಟ್ಟಕ್ಕೆ ಹೋಗಲು ಕೆಲವು ರೆಸಾರ್ಟ್‌ಗಳೇ ಗೇಟ್ ಇಟ್ಟಿರುತ್ತವೆ. ಗೇಟ್ ತೆರೆದಿದ್ದಾಗ ಅದರ ಮೂಲಕ ಹೋಗುವುದು ತಪ್ಪಲ್ಲ, ಆಚೆ ಪೆಟ್ರೋಲ್ ಇರಲ್ಲ, ನಿಮ್ಮ ಜೀವ ನಿಮ್ಮದು ಅಷ್ಟೇ. ಬೀಕನ್, ಸಲಿಕೆ, ಹಿಮ ಚುಚ್ಚಿ ನೋಡುವ ಉದ್ದನೆಯ ಕಡ್ಡಿ, ಇವನ್ನು ಬಳಸಲು ಕಲಿತ ಜೊತೆಗಾರ, ಇಷ್ಟಿದ್ದರೆ ಮಾತ್ರ. ಹಗ್ಗದ ಕೆಳಗೆ ನುಸುಳುವುದು ಅದಲ್ಲ.

ಮುಚ್ಚಲು ನೂರು ಕಾರಣ

ಹಿಮಕುಸಿತ ಒಂದೇ ಕಾರಣವಲ್ಲ. ಸೀಸನ್ ಶುರುವಿನಲ್ಲಿ ಹಿಮ ತೆಳುವಾಗಿದ್ದು ಅಡಿಯಲ್ಲಿ ಬಂಡೆ, ಮರದ ಬೊಡ್ಡೆ, ಹರಿಯುವ ತೊರೆ ಅಡಗಿರಬಹುದು. ದೊಡ್ಡ ಪೈನ್ ಮರಗಳ ಬುಡದಲ್ಲಿ ಕೊಂಬೆಗಳ ಮರೆಗೆ ಹಿಮ ಗಟ್ಟಿಯಾಗದೆ ಬಾವಿಯಂತೆ ಸಡಿಲವಾಗಿರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರುವುದು ಬಹಳ ಕಷ್ಟ.

ನನಗೆ ಗೊತ್ತೇ ಇರದಿದ್ದದ್ದು ಸಂಜೆಯ ಅಪಾಯ. ಲಿಫ್ಟ್ ನಿಂತ ಮೇಲೆ ಹಿಮ ಸಮ ಮಾಡುವ ದೊಡ್ಡ ಯಂತ್ರಗಳು ಬರುತ್ತವೆ. ಕಡಿದಾದ ಇಳಿಜಾರಿನಲ್ಲಿ ಅವು ಜಾರದಂತೆ ಮೇಲಿನ ಗೂಟಕ್ಕೆ ಉಕ್ಕಿನ ತಂತಿ ಬಿಗಿದುಕೊಂಡು ಕೆಲಸ ಮಾಡುತ್ತವೆ. ನೂರಾರು ಮೀಟರ್ ಉದ್ದದ ತಂತಿ. ಒಮ್ಮೆ ಹಿಮದಲ್ಲಿ ಹೂತಿರುತ್ತದೆ, ಮರುಕ್ಷಣ ಬಿಗಿದು ಮೇಲೆದ್ದು ನಿಲ್ಲುತ್ತದೆ. ಕತ್ತಲಲ್ಲಿ ಕಾಣುವುದಿಲ್ಲ. 'ಕೊನೇದಾಗಿ ಒಂದು ಖಾಲಿ ರನ್' ಅಂತ ಹೋಗುವವರು ಇದನ್ನು ನೆನಪಿಡಬೇಕು.

ಮುಚ್ಚುವುದರ ಬೆಲೆ ಏನು ಅಂತ ಟಾಹೋದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1982ರ ಮಾರ್ಚ್ 31ರಂದು ಆಲ್ಪೈನ್ ಮೆಡೋಸ್ ರೆಸಾರ್ಟ್ ಹಿಮಕುಸಿತದ ಭಯದಿಂದಲೇ ಮುಚ್ಚಿತ್ತು. ಆದರೂ ಅವತ್ತು ಹಿಮ ಕೆಳಗಿನ ಕಟ್ಟಡಗಳವರೆಗೆ ನುಗ್ಗಿ ಏಳು ಜನ ಸತ್ತರು. ಅಲ್ಲಿನ ಕೆಲಸಗಾರ್ತಿಯೊಬ್ಬಳು ಕುಸಿದ ಕಟ್ಟಡದೊಳಗೆ ಐದು ದಿನ ಹಿಮದಡಿ ಸಿಕ್ಕಿಕೊಂಡಿದ್ದು ಜೀವಂತ ಸಿಕ್ಕಳು. ಅವಳಿರುವ ಜಾಗದ ಸುಳಿವು ಕೊಟ್ಟಿದ್ದು ಒಂದು ನಾಯಿ. ಪೆಟ್ರೋಲ್ ಕೋಣೆಯ ಬೆಂಚಿನ ಕೆಳಗೆ ಮಲಗಿದ್ದ ನಾಯಿಯನ್ನು ನಾನು ಸಾಕಿದ್ದು ಅಂದುಕೊಂಡಿದ್ದೆ. ಅದೂ ಡ್ಯೂಟಿಯಲ್ಲಿತ್ತು.

ನಮ್ಮ ಘಟನೆಯ ಮರುವರ್ಷ, 2025ರ ಫೆಬ್ರುವರಿಯಲ್ಲಿ, ದಕ್ಷಿಣಕ್ಕಿರುವ ಮ್ಯಾಮತ್ ಪರ್ವತದಲ್ಲಿ ಇದೇ ಬೆಳಗಿನ ಕೆಲಸ ಮಾಡುತ್ತಿದ್ದ ಇಬ್ಬರು ಪೆಟ್ರೋಲ್ ಸಿಬ್ಬಂದಿ ಹಿಮಕುಸಿತಕ್ಕೆ ಸಿಕ್ಕರು. ಒಬ್ಬರು ಉಳಿಯಲಿಲ್ಲ. ಆ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಎರಡು ಗೆರೆ.

ವಾಪಸ್ ದಾರಿಯಲ್ಲಿ

ಕೋಣೆಯಿಂದ ಹೊರಡುವ ಮುಂಚೆ ಆಕೆ ಒಂದು ಮಾತು ಹೇಳಿದರು. "ನೀನು ಒಬ್ಬನೇ ಹೋಗಿದ್ದರೆ ಅದು ನಿನ್ನ ನಿರ್ಧಾರ. ಆದರೆ ಹಿಮದಲ್ಲಿ ಒಬ್ಬನೇ ಹೋಗೋದು ಅಂತ ಇಲ್ಲ. ನಿನ್ನ ಗೆರೆ ಅಲ್ಲೇ ಉಳಿಯುತ್ತೆ. ನೀವು ಬಂದ ಮೇಲೆ ಇನ್ನೂ ಮೂರು ಜನ ಹಗ್ಗದ ಹತ್ತಿರ ಬಂದು ನಿಂತಿದ್ದರು. ನಿಮ್ಮ ಗೆರೆ ನೋಡ್ತಾ."

ಕಾರಿನಲ್ಲಿ ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಆಬರ್ನ್ ಹತ್ತಿರ ಚಿಕ್ಕಮ್ಮನ ಫೋನ್ ಬಂತು. ಅವರಿಗೆ ಆಗಿನ್ನೂ ಭಾನುವಾರದ ನಸುಕು, ಎದ್ದು ಕಾಫಿ ಡಿಕಾಕ್ಷನ್ ಹಾಕುವ ಹೊತ್ತು.

"ಸ್ನೋ ಚೆನ್ನಾಗಿತ್ತೇನೋ?"

ತಮ್ಮ ನನ್ನ ಮುಖ ನೋಡಿದ. "ಹ್ಞೂಂ ಅಮ್ಮ, ಚೆನ್ನಾಗಿತ್ತು. ಅಣ್ಣ ಇದ್ದನಲ್ಲ" ಅಂದ.

ಅವನು ವ್ಯಂಗ್ಯವಾಗಿ ಹೇಳಿದ್ದಲ್ಲ. ಅದೇ ಕಷ್ಟವಾಗಿದ್ದು. ಫೋನ್ ಇಟ್ಟ ಮೇಲೆ ಕೇಳಿದೆ, "ನಿಂಗೆ ಬೇಡ ಅನ್ನಿಸಿತ್ತಲ್ಲ, ಯಾಕೋ ಬಂದೆ?"

"ನೀನು ಹೋದ್ಯಲ್ಲ ಅಂತ."

ನಾನು ಪೆಟ್ರೋಲ್‌ನವರ ಗೆರೆ ನೋಡಿ ಹೋದೆ. ಅವನು ನನ್ನದನ್ನು ನೋಡಿ ಬಂದ. ಆ ಮೂರು ಜನ ನಮ್ಮಿಬ್ಬರದನ್ನು ನೋಡುತ್ತಿದ್ದರು.

ಮುಂದಿನ ಚಳಿಗಾಲ ಪಾಠ ಕೇಳಿ, ಬರೆದುಕೊಟ್ಟು, ಪಾಸ್ ವಾಪಸ್ ಪಡೆದೆ. ಮತ್ತೊಂದು ಶನಿವಾರ, ಮತ್ತೆ ಹೊಸ ಹಿಮ, ಮತ್ತೆ ಅದೇ ಹಗ್ಗ. ಈ ಸಲ ನಾವಿಬ್ಬರೂ ಈಚೆಗೇ ನಿಂತೆವು. ಒಂದು ಗಂಟೆ ಹತ್ತು ನಿಮಿಷ. ಫ್ಲಾಸ್ಕಿನ ಕಾಫಿ ಖಾಲಿಯಾಯಿತು, ಚಕ್ಕುಲಿಯೂ ಆಯಿತು. ಪಕ್ಕದಲ್ಲಿದ್ದ ಒಬ್ಬ "ಇವರಿಗೆ ತೆಗೆಯೋಕೆ ಏನು ಕಷ್ಟ?" ಅಂತ ಗೊಣಗಿದ. ಅಷ್ಟರಲ್ಲಿ ದಿಬ್ಬದಾಚೆ "ಢಮಾರ್" ಅಂತು. ನಾನು ತಮ್ಮನನ್ನು ನೋಡಿದೆ, ಅವನು ನನ್ನನ್ನು.

ಹನ್ನೊಂದರ ಸುಮಾರಿಗೆ ಕೆಂಪು ಜಾಕೆಟ್ಟಿನವರೊಬ್ಬರು ಬಂದು ಹಗ್ಗ ಬಿಚ್ಚಿದರು. ಜನ ಕೇಕೆ ಹಾಕಿದರು. ನಾನು ಇಳಿದೆ. ಮೊದಲ ಮೂರು ತಿರುವು ಅವತ್ತಿನಷ್ಟೇ ಚೆನ್ನಾಗಿದ್ದವು. ನಾಲ್ಕನೆಯದರಲ್ಲಿ ನಿಂತು ಹಿಂದೆ ನೋಡಿದರೆ ತಮ್ಮ ನನ್ನ ಗೆರೆಯ ಮೇಲೇ ಬರುತ್ತಿದ್ದ. ಬರಲಿ ಅನ್ನಿಸಿತು.